ರಸೆಲ್ ಓದುವುದನ್ನು ಎಲ್ಲಿಂದ ಶುರು ಮಾಡಬೇಕು?

ಬ್ರಿಟನ್ನಿನ ಚಿಂತಕ ಬರ್ಟ್ರಂಡ್ ರಸೆಲ್ ಗಣಿತ, ತತ್ವಶಾಸ್ತ್ರ, ಮದುವೆ, ಶಿಕ್ಷಣ, ಯುದ್ಧ, ದೇವರು ಎಲ್ಲದರ ಬಗ್ಗೆಯೂ ಬರೆದಿದ್ದಾರೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಹೀಗೆ ಹತ್ತು ಕಡೆ ಕೈಹಾಕಿದವರ ಬರಹದಲ್ಲಿ ಆಳ ಇರುತ್ತದೆಯೇ ಎಂಬ ಅನುಮಾನವನ್ನೂ ಹೇಳಿಕೊಂಡಿದ್ದೀರಿ. ನಾನು ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಕಲಿಸುತ್ತೇನೆ. ತತ್ವಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವನಲ್ಲ, ಆದರೆ ರಸೆಲ್ ಅವರನ್ನು ಓದುತ್ತಾ ಇಪ್ಪತ್ತು ವರ್ಷ ಆಗಿದೆ.

ಆಳದ ಮಾತು ಮೊದಲು. ಒಂದು ಗ್ರಂಥಾಲಯದಲ್ಲಿ ಹಲವಾರು ಪುಸ್ತಕಪಟ್ಟಿಗಳಿವೆ ಅಂದುಕೊಳ್ಳಿ. ಕೆಲವು ಪಟ್ಟಿಗಳಲ್ಲಿ ಆ ಪಟ್ಟಿಯ ಹೆಸರೂ ನಮೂದಾಗಿದೆ, ಕೆಲವದರಲ್ಲಿ ಇಲ್ಲ. ಈಗ ತಮ್ಮ ಹೆಸರು ತಮ್ಮಲ್ಲಿಲ್ಲದ ಪಟ್ಟಿಗಳನ್ನೆಲ್ಲ ಹೆಕ್ಕಿ ಒಂದು ಹೊಸ ಪಟ್ಟಿ ಮಾಡಿ. ಅದರಲ್ಲಿ ಅದರದೇ ಹೆಸರು ಬರೆಯಬೇಕೋ ಬೇಡವೋ? ಬರೆದರೂ ತಪ್ಪು, ಬಿಟ್ಟರೂ ತಪ್ಪು. 1901ರಲ್ಲಿ ಗಣಗಳ, ಅಂದರೆ ಗಣಿತದಲ್ಲಿ ಬರುವ ಗುಂಪುಗಳ, ವಿಚಾರದಲ್ಲಿ ರಸೆಲ್‌ಗೆ ಎದುರಾದ ತೊಡಕು ಇದೇ. ಮರುವರ್ಷ ಅವರು ಇದನ್ನು ಜರ್ಮನಿಯ ಗಣಿತಜ್ಞ ಫ್ರೇಗೆಗೆ ಬರೆದು ತಿಳಿಸಿದಾಗ, ಅಂಕಗಣಿತವನ್ನು ತರ್ಕದ ಮೇಲೆ ನಿಲ್ಲಿಸಲು ಹೊರಟಿದ್ದ ಫ್ರೇಗೆಯ ದೊಡ್ಡ ಗ್ರಂಥದ ಎರಡನೇ ಸಂಪುಟ ಅಚ್ಚಿನಲ್ಲಿತ್ತು. ಆ ಗ್ರಂಥದ ಬುನಾದಿಯೇ ಅಲುಗಿತು. ಗಣಿತದ ಆ ಬುನಾದಿಯನ್ನು ಮತ್ತೆ ಕಟ್ಟಲು ರಸೆಲ್ ಮತ್ತು ಗಣಿತಜ್ಞ ವೈಟ್‌ಹೆಡ್ ವರ್ಷಗಟ್ಟಲೆ ದುಡಿದು 1910ರಿಂದ 1913ರೊಳಗೆ ಮೂರು ಸಂಪುಟ ತಂದರು. ಒಂದಕ್ಕೆ ಒಂದು ಕೂಡಿಸಿದರೆ ಎರಡು ಎಂಬಲ್ಲಿಗೆ ಬರಲು ಮೊದಲ ಸಂಪುಟದ 350 ಪುಟ ದಾಟಬೇಕು. ಇಷ್ಟು ಆಳಕ್ಕೆ ಇಳಿದು ಬಂದವರು ಆಮೇಲೆ ಮದುವೆ, ಯುದ್ಧ, ಕೂಲಿಯ ಬಗ್ಗೆ ಬರೆದರು. ಪುರಾವೆ ಎಷ್ಟಿದೆಯೋ ಅಷ್ಟೇ ನಂಬು ಎಂಬ ಆ ಗಣಿತದ ಶಿಸ್ತು ಅಲ್ಲೂ ಅವರ ಬೆನ್ನಿಗಿತ್ತು.

ಶುರು ಮಾಡುವ ವಿಷಯಕ್ಕೆ ಬರುತ್ತೇನೆ. 1945ರ ಪಾಶ್ಚಾತ್ಯ ತತ್ವಶಾಸ್ತ್ರದ ಇತಿಹಾಸವನ್ನು ಮೊದಲು ಹಿಡಿಯಬೇಡಿ. ನಾನು ಹಿಡಿದಿದ್ದೆ, ಗ್ರೀಕರನ್ನು ದಾಟುವಷ್ಟರಲ್ಲಿ ಎರಡು ಬೇಸಿಗೆ ರಜೆ ಕಳೆದವು. 1932ರಲ್ಲಿ ಬರೆದ, ಬಿಡುವನ್ನು ಹೊಗಳುವ ಒಂದು ಪ್ರಬಂಧವಿದೆ. ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ, ಅದನ್ನು ಓದಿ. ಕೆಲಸದಲ್ಲಿ ಎರಡು ಬಗೆ, ನೆಲದ ಮೇಲಿನ ವಸ್ತುಗಳನ್ನು ಅತ್ತಿಂದಿತ್ತ ಸರಿಸುವುದು ಒಂದು, ಹಾಗೆ ಸರಿಸಿ ಎಂದು ಇನ್ನೊಬ್ಬರಿಗೆ ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ಕಷ್ಟ ಹೆಚ್ಚು ಕೂಲಿ ಕಡಿಮೆ, ಎರಡನೆಯದು ಹಿತ, ಸಂಬಳವೂ ಜಾಸ್ತಿ ಎನ್ನುತ್ತಾರೆ. ದಿನಕ್ಕೆ ನಾಲ್ಕು ತಾಸು ದುಡಿದರೆ ಸಾಕು, ದುಡಿಮೆಯೇ ದೊಡ್ಡ ಗುಣ ಎಂಬ ಬೋಧನೆ ಉಳ್ಳವರಿಗೆ ಅನುಕೂಲವಾಗಿ ಬಂದದ್ದು ಎನ್ನುವುದು ಅವರ ವಾದ.

ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಬಸವಕಲ್ಯಾಣ ನಮ್ಮ ಪಕ್ಕದ ಜಿಲ್ಲೆಯಲ್ಲಿದೆ. ಕಾಯಕವೇ ಕೈಲಾಸ ಎಂಬುದನ್ನು ಕೇಳಿಯೇ ಬೆಳೆದವರು ನಾವು. ಆಮೇಲೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟಕ್ಕಿಯ ಆಸೆ ನಮಗೇಕೆ, ಚೆಲ್ಲಿ ಬನ್ನಿ ಎಂದವಳು ಅವಳು. ಶರಣರ ಕಾಯಕದಿಂದ ಗುರುವಿಗೂ ವಿನಾಯಿತಿ ಇರಲಿಲ್ಲ, ಅದರಲ್ಲಿ ಸಾಕು ಎಂಬ ಅಳತೆಯೂ ಇತ್ತು. ರಸೆಲ್ ಬೈಯುವುದು ತಾನು ಕೂತು ಇನ್ನೊಬ್ಬನಿಗೆ ದುಡಿಮೆಯ ಹಿರಿಮೆ ಹೇಳುವವನನ್ನು. ಲಕ್ಕಮ್ಮ ಅಂಥವನ ಪರ ನಿಲ್ಲುತ್ತಿದ್ದಳು ಎಂದು ನನಗೆ ಅನಿಸುವುದಿಲ್ಲ.

ಅದೇ ಪ್ರಬಂಧದಲ್ಲಿ ಗುಂಡುಸೂಜಿಯ ಒಂದು ಉದಾಹರಣೆ ಇದೆ. ಎಂಟು ತಾಸು ದುಡಿದು ಜಗತ್ತಿಗೆ ಬೇಕಾದಷ್ಟು ಗುಂಡುಸೂಜಿ ಮಾಡುವ ಜನರಿದ್ದಾರೆ. ಅಷ್ಟೇ ಜನ ಎರಡು ಪಟ್ಟು ಮಾಡುವಂಥ ಯಂತ್ರ ಬರುತ್ತದೆ. ನ್ಯಾಯವಾಗಿ ಎಲ್ಲರೂ ನಾಲ್ಕು ತಾಸು ದುಡಿದು ಮನೆಗೆ ಹೋಗಬೇಕು. ಆಗುವುದು ಬೇರೆ: ಅರ್ಧ ಜನ ಎಂಟು ತಾಸೇ ದುಡಿಯುತ್ತಾರೆ, ಉಳಿದರ್ಧ ಜನ ಕೆಲಸ ಕಳೆದುಕೊಳ್ಳುತ್ತಾರೆ. ಚಿತ್ತಾಪುರ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಕಂಡದ್ದು ಇದನ್ನೇ. ತೊಗರಿ ರಾಶಿಗೆ ಮಷಿನ್ ಬಂತು. ಯಾರಿಗೂ ಅರ್ಧ ದಿನ ಬಿಡುವು ಸಿಗಲಿಲ್ಲ, ನಮ್ಮ ಓಣಿಯ ಅರ್ಧ ಜನ ಗಂಟುಮೂಟೆ ಕಟ್ಟಿಕೊಂಡು ಮುಂಬೈ, ಪುಣೆಗೆ ದುಡಿಯಲು ಹೋದರು. ಈ ನಾಲ್ಕು ತಾಸಿನ ವಿಚಾರವನ್ನು ಒಂದು ಸಲ ಅಪ್ಪನ ಮುಂದೆ ಹೇಳಿದೆ. ಪೂರಾ ಕೇಳಿಸಿಕೊಂಡು, "ಖರೇ ಅದ ತಮ್ಮಾ, ಆದ್ರ ಹೊಲಾ ಯಾರದು? ಮಷಿನ್ ಯಾರದು?" ಅಂದರು.

ಇದನ್ನು ಹೋಲುವ ಪ್ರಶ್ನೆಯನ್ನು 1918ರಲ್ಲೇ ಎತ್ತಿದವರು ಬಾಬಾಸಾಹೇಬ್ ಅಂಬೇಡ್ಕರ್. ಆಗ ಅವರಿಗೆ 26-27ರ ವಯಸ್ಸು. ಸಮಾಜವನ್ನು ಮತ್ತೆ ಕಟ್ಟುವ ಬಗ್ಗೆ ರಸೆಲ್ 1916ರಲ್ಲಿ ತಂದ ಪುಸ್ತಕಕ್ಕೆ ಅವರು ಒಂದು ದೀರ್ಘ ವಿಮರ್ಶೆ ಬರೆದರು. ರಸೆಲ್ ಅವರನ್ನು ಓದುವ ರೀತಿ ನನಗೆ ಗೊತ್ತಾಗಿದ್ದು ಅದರಿಂದಲೇ. ಮೊದಲು ಅವರು ರಸೆಲ್ ಪರವಾಗಿ ಮಾತಾಡುತ್ತಾರೆ. ಯುದ್ಧವನ್ನು ವಿರೋಧಿಸಿದ ಮಾತ್ರಕ್ಕೆ ಈತ ಕೈಕಟ್ಟಿ ಕೂರಲು ಹೇಳುತ್ತಿಲ್ಲ, ಚಟುವಟಿಕೆಯಿಂದಲೇ ಬೆಳವಣಿಗೆ, ಸುಮ್ಮನಿರುವುದು ಸಾವಿಗೆ ಸಮ, ಭಾರತದ ಓದುಗರು ತಪ್ಪು ತಿಳಿಯಬಾರದು ಎನ್ನುತ್ತಾರೆ. ಆಸ್ತಿಯ ವಿಷಯಕ್ಕೆ ಬಂದಾಗ ಮಾತ್ರ ತಗಾದೆ ತೆಗೆಯುತ್ತಾರೆ. ಹಣದ ಮೋಹ ಮನುಷ್ಯನನ್ನು ಕುಗ್ಗಿಸುತ್ತದೆ ಎಂಬ ರಸೆಲ್ ಮಾತನ್ನು ಅವರು ಹಾಗೇ ಒಪ್ಪುವುದಿಲ್ಲ. ಹಣ ಬೇಕೆನ್ನುವುದು ಯಾವುದಾದರೂ ಒಂದಕ್ಕಾಗಿಯೇ, ಅದು ಯಾವುದಕ್ಕೆ ಎಂದು ನೋಡಿ ಎನ್ನುತ್ತಾರೆ. ತೊಂದರೆ ಇರುವುದು ಆಸ್ತಿಯಲ್ಲಲ್ಲ, ಅದರ ಅಸಮ ಹಂಚಿಕೆಯಲ್ಲಿ. ಆಸ್ತಿ ಇದ್ದವನಿಗಿಂತ ಇಲ್ಲದವನೇ ಅದಕ್ಕಾಗಿ ತನ್ನನ್ನು ಹೆಚ್ಚು ತೆತ್ತುಕೊಳ್ಳುತ್ತಾನೆ ಎಂಬುದು ಅವರ ವಾದದ ತಿರುಳು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಷ್ಟು ಹೆಸರಾಂತ ಚಿಂತಕನನ್ನು ಹೀಗೆ ಗೌರವದಿಂದ, ಹೆದರದೆ ಓದಿದ್ದು ನೋಡಿದರೆ ಇಂದಿಗೂ ಮೈ ಜುಮ್ ಎನ್ನುತ್ತದೆ. ಅಂಬೇಡ್ಕರ್ ಅವರ ಇಂಗ್ಲಿಷ್ ಬರಹಗಳ ಮೊದಲ ಸಂಪುಟದಲ್ಲಿ ಈ ವಿಮರ್ಶೆ ಸಿಗುತ್ತದೆ.

ನೀವೂ ಹಾಗೇ ಓದಿ. ಒಪ್ಪಲಾಗದ ಮಾತುಗಳು ರಸೆಲ್‌ನಲ್ಲಿ ಬೇಕಾದಷ್ಟಿವೆ. ಮೊದಲ ಮಹಾಯುದ್ಧವನ್ನು ವಿರೋಧಿಸಿ 1918ರಲ್ಲಿ ಜೈಲಿಗೆ ಹೋದವರು, ಹಿಟ್ಲರ್ ಎದುರು ನಿಂತಾಗ ಯುದ್ಧ ಬೇಕೆಂದರು. ನಲವತ್ತರ ದಶಕದ ಕೊನೆಗೆ ರಷ್ಯಾವನ್ನು ಅಣುಬಾಂಬಿನಿಂದ ಬೆದರಿಸಬೇಕು ಎಂಬಂಥ ಮಾತಾಡಿದರು, ಅದನ್ನು ನಾನು ಕ್ಷಮಿಸಿಲ್ಲ. ಅವರೇ 1955ರಲ್ಲಿ ಐನ್‌ಸ್ಟೈನ್ ಕೂಡ ಸಹಿ ಹಾಕಿದ್ದ ಹೇಳಿಕೆಯನ್ನು ಅಣ್ವಸ್ತ್ರದ ವಿರುದ್ಧ ಹೊರಡಿಸಿದರು, 1961ರಲ್ಲಿ 89ರ ವಯಸ್ಸಿನಲ್ಲಿ ಅದೇ ಹೋರಾಟಕ್ಕಾಗಿ ಒಂದು ವಾರ ಜೈಲಿನಲ್ಲಿದ್ದರು. ಅಭಿಪ್ರಾಯ ಬದಲಿಸಿದಾಗ ಹಲವು ಸಲ ಕಾರಣ ಬರೆದಿಟ್ಟಿದ್ದಾರೆ, ಹಾಗಾಗಿ ಜಗಳಕ್ಕೆ ಜಾಗವಿದೆ.

ಪ್ರಬಂಧ, ಅಂಬೇಡ್ಕರ್ ವಿಮರ್ಶೆ, ಆಮೇಲೆ ಆ 1916ರ ಪುಸ್ತಕ, ಈ ಕ್ರಮದಲ್ಲಿ ಓದಿ. ತತ್ವಶಾಸ್ತ್ರವೇ ಬೇಕೆನಿಸಿದರೆ 1912ರಲ್ಲಿ ಬಂದ, ತತ್ವಶಾಸ್ತ್ರದ ಸಮಸ್ಯೆಗಳ ಕುರಿತ ಸಣ್ಣ ಪುಸ್ತಕವಿದೆ. ಎದುರಿಗಿರುವ ಮೇಜು ನಿಜಕ್ಕೂ ಇದೆಯೇ, ಅದು ನಮಗೆ ಹೇಗೆ ಗೊತ್ತು ಎಂಬಲ್ಲಿಂದ ಶುರುವಾಗುತ್ತದೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಆ ಭಾಗ ಯಾವುದೆಂದು ಬರೆದು ಕೇಳಿ, ನನಗೆ ತಿಳಿದಷ್ಟು ಹೇಳುತ್ತೇನೆ.