ಓದುಗರ ಪ್ರಶ್ನೆ: ಕಿರೀಟ ಸಿಕ್ಕ ಮೇಲೂ ಮ್ಯಾಕ್‌ಬೆತ್ ಕೊಲ್ಲುವುದೇಕೆ?

ಪ್ರಶ್ನೆ: ಶೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕದಲ್ಲಿ ಮಹತ್ವಾಕಾಂಕ್ಷೆಯೇ ನಾಶಕ್ಕೆ ಕಾರಣ ಎಂದು ಬರೆದರೂ ಮಾರ್ಕ್ಸ್ ಬರುತ್ತಿಲ್ಲ. 'ಬರೀ ಕಥೆ ಹೇಳಿದ್ದೀಯ' ಅನ್ನುತ್ತಾರೆ ಮೇಡಂ. ಏನು ಬಿಟ್ಟುಹೋಗುತ್ತಿದೆ?
– ಬಿ.ಎ. ವಿದ್ಯಾರ್ಥಿನಿ, ಹಾಸನ

ಉತ್ತರ: ಬಹುಪಾಲು ಉತ್ತರಗಳು ಸೇನಾನಿ ಮ್ಯಾಕ್‌ಬೆತ್ ತನ್ನ ದೊರೆ ಡಂಕನ್‌ನನ್ನು ಕೊಲ್ಲುವಲ್ಲಿಗೇ ನಿಂತುಬಿಡುತ್ತವೆ. ಅದು ನಡೆಯುವುದು ಎರಡನೇ ಅಂಕದಲ್ಲಿ. ಆಮೇಲಿನ ಮೂರು ಅಂಕಗಳಲ್ಲಿ ಏನಾಗುತ್ತದೆ ಅನ್ನುವುದೇ ನಿಮ್ಮ ಉತ್ತರದ ಹೂರಣವಾಗಬೇಕು. ಕಥಾಸಾರಕ್ಕೆ ಮೂರು ಸಾಲು ಸಾಕು.

ಒಂದನೇ ಅಂಕದ ಏಳನೇ ದೃಶ್ಯದ ಸ್ವಗತದಿಂದ ಶುರುಮಾಡಿ. ಡಂಕನ್ ತನ್ನ ಬಂಧು, ತನ್ನ ದೊರೆ, ತನ್ನ ಮನೆಯ ಅತಿಥಿ, ಮೇಲಾಗಿ ಒಳ್ಳೆಯವನು. ಕೊಲ್ಲಬಾರದೆನ್ನಲು ಇಷ್ಟೊಂದು ಕಾರಣಗಳನ್ನು ಮ್ಯಾಕ್‌ಬೆತ್ ತಾನೇ ಎಣಿಸುತ್ತಾನೆ. ಕೊಲ್ಲು ಅನ್ನುವುದು ಮಹತ್ವಾಕಾಂಕ್ಷೆ ಒಂದೇ. ಅದು ಕೂಡ ಜೋರಾಗಿ ನೆಗೆದು ಆಚೆ ಬದಿಗೆ ಬೀಳುವಂಥದ್ದು ಎಂದು ಅವನಿಗೇ ಗೊತ್ತು. ಅವನಿಗೆ ಭವಿಷ್ಯ ನುಡಿಯುವ ಮಾಟಗಾತಿಯರ ಮೇಲೆ ತಪ್ಪು ಹೊರಿಸುವ ಮೊದಲು ಇದನ್ನು ನೆನಪಿಡಿ: ದೊರೆಯಾಗುತ್ತೀಯೆ ಅಂದರೇ ಹೊರತು ಕೊಲ್ಲು ಅಂತ ಅವರು ಹೇಳಲಿಲ್ಲ. ಅದೇ ಮಾತುಗಳನ್ನು ಜೊತೆಗಾರ ಸೇನಾನಿ ಬ್ಯಾಂಕೊ ಕೂಡ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ, ಕತ್ತಿ ಎತ್ತಲಿಲ್ಲ.

ಮುಂದೆ ಕೊಲೆಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದರಿಂದ ಅವನಿಗೆ ಸಿಕ್ಕಿದ್ದೇನು ಎಂದು ಕೇಳುತ್ತಾ ಹೋಗಿ. ಡಂಕನ್ ಸತ್ತ, ಸಿಂಹಾಸನ ಸಿಕ್ಕಿತು. ಕಾವಲಿನವರಿಬ್ಬರು ಸತ್ತರು, ಅವರ ಬಾಯಿ ಮುಚ್ಚಿತು. (ಡಂಕನ್‌ನ ಕೊಲೆಗೆ ಮ್ಯಾಕ್‌ಬೆತ್‌ನ ಹೆಂಡತಿ ಹಾಕಿದ ಯೋಜನೆಯಲ್ಲಿ ಇದು ಇರಲೇ ಇಲ್ಲ. ಅವರ ಮೇಲೆ ಗುಮಾನಿ ಬರಲೆಂದು ರಕ್ತ ಬಳಿಯುವುದಷ್ಟೇ ಯೋಜನೆ. ವಿದ್ಯಾರ್ಥಿಗಳು ಇದನ್ನು ಗಮನಿಸುವುದು ಅಪರೂಪ.) ಬ್ಯಾಂಕೊ ಸತ್ತ, ಹೊಸದಾಗಿ ಏನೂ ಸಿಗಲಿಲ್ಲ, ಅವನ ಮಗ ಫ್ಲಿಯಾನ್ಸ್ ತಪ್ಪಿಸಿಕೊಂಡಿದ್ದರಿಂದ, ಬ್ಯಾಂಕೊನ ವಂಶದವರು ದೊರೆಗಳಾಗುತ್ತಾರೆಂಬ ಮಾಟಗಾತಿಯರ ಮಾತಿನ ಭಯವೂ ಹೋಗಲಿಲ್ಲ. ಕೊನೆಗೆ, ಅವನಿಗೆ ಎದುರುಬಿದ್ದ ಸರದಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳು. ಮ್ಯಾಕ್‌ಡಫ್ ಆಗಲೇ ಇಂಗ್ಲೆಂಡ್ ಸೇರಿದ್ದಾನೆ. ಈ ಕೊಲೆಗಳಿಂದ ಲಾಭ ಸೊನ್ನೆ, ಬಂದದ್ದು ಸೇಡು ತೀರಿಸಿಕೊಳ್ಳುವ ಒಬ್ಬ ಶತ್ರು. ಆಸೆಗಾಗಿ ಶುರುವಾದ ಕೊಲೆ ಮೂರನೇ ಅಂಕದ ಹೊತ್ತಿಗೆ ಭಯಕ್ಕಾಗಿ, ನಾಲ್ಕನೇ ಅಂಕದಲ್ಲಿ ಬರೀ ರೋಷಕ್ಕಾಗಿ. ಈ ಇಳಿತವನ್ನು ದೃಶ್ಯಗಳ ಆಧಾರ ಕೊಟ್ಟು ಬರೆದರೆ ಅದೇ ವಿವರಣೆ.

'ಹೆಂಡತಿಯೇ ಕೆಡಿಸಿದಳು' ಎಂಬ ವಾಕ್ಯ ಡಂಕನ್‌ನ ಕೊಲೆಯವರೆಗೆ ಮಾತ್ರ ನಿಲ್ಲುತ್ತದೆ. ಬ್ಯಾಂಕೊನ ಕೊಲೆಯ ಸಂಚನ್ನು ಅವನು ಅವಳಿಂದಲೂ ಮುಚ್ಚಿಡುತ್ತಾನೆ. ನಾಲ್ಕನೇ ಅಂಕದಲ್ಲಿ ಅವಳು ರಂಗಕ್ಕೇ ಬರುವುದಿಲ್ಲ. ಮುಂದೆ ಕಾಣುವುದು ನಿದ್ದೆಯಲ್ಲಿ ನಡೆಯುತ್ತಾ, ಕೈಯ ಕಲೆ ಉಜ್ಜಿಕೊಳ್ಳುವಾಗ.

ಪ್ರಶ್ನೆ: ನಮ್ಮ ಹವ್ಯಾಸಿ ತಂಡದಲ್ಲಿ ಒಂಬತ್ತೇ ಜನ. ಔತಣದ ದೃಶ್ಯದಲ್ಲಿ ಬ್ಯಾಂಕೊನ ಪ್ರೇತಕ್ಕೆ ನಟ ಬೇಕೇ, ಖಾಲಿ ಪೀಠ ಸಾಕೇ? ಯಾವ ದೃಶ್ಯ ಕತ್ತರಿಸಬಹುದು?
– ರಂಗಾಸಕ್ತ, ಸಾಗರ

ಉತ್ತರ: 1623ರ ಮೊದಲ ಮುದ್ರಣದ ರಂಗಸೂಚನೆಯಲ್ಲಿ ಪ್ರೇತ ಒಳಬಂದು ಮ್ಯಾಕ್‌ಬೆತ್‌ನ ಜಾಗದಲ್ಲೇ ಕೂರುತ್ತದೆ. ಪೀಠ ಖಾಲಿ ಇದ್ದರೆ ಪ್ರೇಕ್ಷಕರು ಅತಿಥಿಗಳ ಜೊತೆ ಸೇರಿ ದೊರೆಗೆ ಹುಚ್ಚು ಅಂದುಕೊಳ್ಳುತ್ತಾರೆ. ನಟ ಕೂತರೆ ದೊರೆಯ ಕಣ್ಣಿನಿಂದ ನೋಡುತ್ತಾರೆ. ನಟನನ್ನೇ ಕೂರಿಸಿ. ಗಳಿಸಿದ ಜಾಗದಲ್ಲಿ ಅವನಿಗೇ ಕೂರಲಾಗದು ಎಂಬುದು ಮಾತಿಲ್ಲದೆ ಕಾಣುತ್ತದೆ. ಎಡವುವುದು ಮಾತ್ರ ಅತಿಥಿಗಳೇ: ಅವರ ನೋಟ ದೊರೆಯ ಮುಖ ಬಿಟ್ಟು ಒಮ್ಮೆ ಪ್ರೇತದ ಕಡೆ ಹರಿದರೂ ದೃಶ್ಯ ಕೆಟ್ಟಿತು.

ಡಂಕನ್ ಒಂದನೇ ಅಂಕದ ಆರನೇ ದೃಶ್ಯದ ನಂತರ ರಂಗಕ್ಕೆ ಬರುವುದಿಲ್ಲ, ಆ ನಟನಿಗೇ ವೈದ್ಯನ ಪಾತ್ರ ಕೊಡಿ. ಬ್ಯಾಂಕೊ ಮಾಡುವವರಿಗೆ ನಾಲ್ಕನೇ ಅಂಕದ ಮೊದಲ ದೃಶ್ಯದವರೆಗೆ ಬೇರೆ ಪಾತ್ರ ಬೇಡ; ಮಾಟಗಾತಿಯರು ತೋರಿಸುವ, ಬ್ಯಾಂಕೊ ವಂಶದ ಎಂಟು ದೊರೆಗಳ ಮೆರವಣಿಗೆಯ ಕೊನೆಯಲ್ಲಿ ಮತ್ತೆ ಬರಬೇಕು. ಆ ಎಂಟಕ್ಕೆ ಮೂವರೇ ಕಿರೀಟ ಬದಲಿಸಿ ಹಿಂದಿನಿಂದ ಸುತ್ತಿ ಬರಲಿ. ಮ್ಯಾಕ್‌ಡಫ್‌ನ ಮನೆಯ ದೃಶ್ಯವನ್ನು ಹೊತ್ತು ಉಳಿಸಲೆಂದು ಹಲವರು ಕತ್ತರಿಸುತ್ತಾರೆ. ದಯವಿಟ್ಟು ಬೇಡ. ಕತ್ತರಿಸಲೇಬೇಕಿದ್ದರೆ ಮಾಟಗಾತಿಯರ ಒಡತಿ ಹೆಕಟೆಯ ಮಾತುಗಳನ್ನು ತೆಗೆಯಿರಿ, ಯಾರಿಗೂ ನಷ್ಟವಿಲ್ಲ.

ಪ್ರಶ್ನೆ: ನಿಜವಾದ ಮ್ಯಾಕ್‌ಬೆತ್ ಇಷ್ಟು ಕ್ರೂರಿಯೇ?
– ನಿವೃತ್ತ ಶಿಕ್ಷಕ, ಧಾರವಾಡ

ಉತ್ತರ: ಇತಿಹಾಸದ ಡಂಕನ್ 1040ರಲ್ಲಿ ಸತ್ತದ್ದು ಕದನದಲ್ಲಿ, ಹಾಸಿಗೆಯಲ್ಲಲ್ಲ. ಮ್ಯಾಕ್‌ಬೆತ್ 1057ರವರೆಗೆ, ಅಂದರೆ 17 ವರ್ಷ ಸ್ಕಾಟ್ಲೆಂಡನ್ನು ಆಳಿದ. ಶೇಕ್ಸ್‌ಪಿಯರ್ ಕಥೆ ಎತ್ತಿಕೊಂಡ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಬ್ಯಾಂಕೊ ಕೂಡ ಕೊಲೆಯಲ್ಲಿ ಪಾಲುದಾರ. ಆಗ ಇಂಗ್ಲೆಂಡ್ ಆಳುತ್ತಿದ್ದ ಮೊದಲನೇ ಜೇಮ್ಸ್ ಬ್ಯಾಂಕೊನ ವಂಶದವನೆಂಬ ನಂಬಿಕೆ ಇತ್ತು. ನಾಟಕದ ಬ್ಯಾಂಕೊ ನಿರಪರಾಧಿಯಾದದ್ದಕ್ಕೆ ಬಹುಶಃ ಅದೇ ಕಾರಣ.