ಆನೆ ಪೈಸೆ: ಅಚ್ಚು ಬೇರೆಯೋ, ಬರೀ ಸವೆತವೋ?

ಹೊಸನಗರದ ಸರ್, ನಿಮ್ಮೆರಡು ಟಿಪ್ಪು ಪೈಸೆಗಳ ಆನೆ ಒಂದೇ ಥರ ಇಲ್ಲ, ಒಂದು ನಕಲಿಯೇ ಎಂದು ಕೇಳಿದ್ದೀರಿ. ಅಷ್ಟಕ್ಕೇ ನಕಲಿ ಅನ್ನಬೇಡಿ. ನಾಣ್ಯ ಒತ್ತುವ ಅಚ್ಚು ಕೆತ್ತುತ್ತಿದ್ದದ್ದು ಕೈಯಲ್ಲಿ, ಹಾಗಾಗಿ ಅಚ್ಚು ಬದಲಾದರೆ ಆನೆಯೂ ಸ್ವಲ್ಪ ಬದಲಾಗುತ್ತದೆ. ನಿಮ್ಮ ಪಕ್ಕದ ನಗರ (ಹಳೆಯ ಬಿದನೂರು) ಎಂಬ ಊರಿನ ಟಂಕಸಾಲೆಯಲ್ಲೂ ಹಾಗೇ.

ದೀಪವನ್ನು ಪಕ್ಕದಿಂದ ತಗ್ಗಿಸಿ ಹಿಡಿದು ಎರಡರದೂ ಫೋಟೊ ತೆಗೆಯಿರಿ. ದಂತದಿಂದ ಸೊಂಡಿಲಿಗೆ, ಬಾಲದ ತುದಿಯಿಂದ ಹಿಂಗಾಲಿಗೆ ಅಂತರ ಎಷ್ಟಿದೆ ನೋಡಿ. ಸವೆದ ಗೆರೆ ಮಾಯವಾಗುತ್ತದೆಯೇ ಹೊರತು ಜಾಗ ಬದಲಿಸುವುದಿಲ್ಲ, ಅಂತರವೇ ಬೇರೆಯಾದರೆ ಅಚ್ಚು ಬೇರೆ. ಅಂಚಿನ ಚುಕ್ಕಿ ನಂಬಬೇಡಿ, ಏಟು ಓರೆಯಾದರೆ ಅರ್ಧ ಚುಕ್ಕಿ ಬಿಲ್ಲೆಯಿಂದ ಹೊರಗೇ. ಕೂದಲೆಳೆಯಂಥ ಗೆರೆ ಉಬ್ಬಿದ್ದರೆ ಅಚ್ಚಿನ ಬಿರುಕು. ತಗ್ಗಿದ್ದರೆ ಬರೀ ಗೀರು.

ಹಿಂಬದಿಯನ್ನು ಪ್ರತ್ಯೇಕ ಹೋಲಿಸಿ. ನಾಣ್ಯದಲ್ಲಿರುವುದು ಟಿಪ್ಪು ಜಾರಿಗೆ ತಂದ ಮೌಲೂದಿ ಇಸವಿಯಾದರೆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ, ಈ ಸಣ್ಣ ಗೆರೆಗಳೇ ಮೊದಲು ಹೋಗುವುದು.