ಒಬ್ಬ ದೊರೆ, ಎರಡು ಸುಂಕದಕಟ್ಟೆ

ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: "ಕಳೆದ ಸಂಚಿಕೆಯ ಚಹಾ ಲೇಖನದಲ್ಲಿ, 1757ರಲ್ಲಿ ಚೀನಾದ ದೊರೆ ಗುವಾಂಗ್‌ಝೌ ಒಂದನ್ನು ಬಿಟ್ಟು ಮಿಕ್ಕ ಬಂದರುಗಳನ್ನೆಲ್ಲ ಮುಚ್ಚಿಸಿದ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಹಡಗು ಎಲ್ಲಿಗೆ ಬಂದರೂ ಸುಂಕ ದೊರೆಗೇ ತಾನೆ? ಬರುವ ದುಡ್ಡನ್ನು ಯಾರಾದರೂ ಬೇಡ ಅಂತಾರಾ? ಗುವಾಂಗ್‌ಝೌ ವರ್ತಕರು ಲಂಚ ಕೊಟ್ಟು ಮಾಡಿಸಿದ ಕೆಲಸ ಇದು ಅಂತ ನನ್ನ ಅನುಮಾನ."

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ಬಂದರುಗಳನ್ನು ಮುಚ್ಚಲಿಲ್ಲ. 1684ರಲ್ಲಿ ಕಾಂಗ್‌ಶಿ ದೊರೆ ಕಡಲ ವ್ಯಾಪಾರದ ಮೇಲಿದ್ದ ನಿಷೇಧ ತೆಗೆದ ಮೇಲೆ ಗುವಾಂಗ್‌ಡಾಂಗ್ (ಗುವಾಂಗ್‌ಝೌ ಇರುವುದು ಇದರಲ್ಲೇ), ಫುಜಿಯಾನ್, ಝೆಜಿಯಾಂಗ್, ಜಿಯಾಂಗ್ಸು ಈ ನಾಲ್ಕು ಪ್ರಾಂತ್ಯಗಳಲ್ಲಿ ಸುಂಕದ ಕಚೇರಿಗಳು ಬಂದವು. 1757ರ ನಂತರವೂ ಅವು ನಡೆಯುತ್ತಲೇ ಇದ್ದವು. ಚೀನೀಯರ ಹಡಗುಗಳು ಅಲ್ಲಿ ಓಡಾಡುತ್ತಿದ್ದವು. ಬಾಗಿಲು ಹಾಕಿದ್ದು ಯುರೋಪಿನ ಹಡಗುಗಳಿಗೆ.

ಈಗ ಸುಂಕದ ಕಥೆ. ಗುವಾಂಗ್‌ಝೌನಲ್ಲಿ ವಿದೇಶಿ ಹಡಗು ಬಂದರೆ ಮೊದಲು ಅಳತೆ. ಮುಂದಿನ ಕೂವೆಮರದಿಂದ ಹಿಂದಿನ ಕೂವೆಮರದವರೆಗೆ ಉದ್ದ, ನಡುವಿನ ಅಗಲ, ಎರಡನ್ನೂ ಗುಣಿಸಿ ಶುಲ್ಕ. ಅದರ ಮೇಲೆ 'ಕಾಣಿಕೆ' ಅಂತ 1,950 ಟೇಲ್ (ಚೀನೀಯರ ತೂಕದ ಅಳತೆ) ಬೆಳ್ಳಿ. ಹಡಗು ದೊಡ್ಡದಿರಲಿ, ಚಿಕ್ಕದಿರಲಿ, ಕಾಣಿಕೆ ಅಷ್ಟೇ. ಆಮೇಲೆ ಸರಕಿನ ಸುಂಕ, ದುಭಾಷಿಗೆ, ಕಾವಲಿನವನಿಗೆ, ಇನ್ನೂ ಯಾರ್ಯಾರಿಗೋ. ಇದೆಲ್ಲದರ ಮೇಲೆ ಒಬ್ಬ ಸುಂಕದ ಅಧಿಕಾರಿ. ಇಂಗ್ಲಿಷರು ಅವನನ್ನು 'ಹೊಪ್ಪೋ' ಅನ್ನುತ್ತಿದ್ದರು.

ಬೇಸತ್ತ ಈಸ್ಟ್ ಇಂಡಿಯಾ ಕಂಪನಿ 1755ರಲ್ಲಿ ಉತ್ತರಕ್ಕೆ, ಝೆಜಿಯಾಂಗ್‌ನ ನಿಂಗ್ಬೋಗೆ ಹಡಗು ಕಳಿಸಿತು. ರೇಷ್ಮೆ, ಚಹಾ ಬೆಳೆಯುವ ಜಾಗಕ್ಕೆ ನಿಂಗ್ಬೋ ಹತ್ತಿರ. ಗುವಾಂಗ್‌ಝೌಗೆ ಆದರೆ ಅದೇ ಚಹಾವನ್ನು ಕೂಲಿಗಳು ಬೆಟ್ಟದ ಕಣಿವೆ ದಾಟಿ ಹೊತ್ತು ತರಬೇಕು. ನಿಂಗ್ಬೋ ಅಧಿಕಾರಿಗಳು ಖುಷಿಯಿಂದಲೇ ಬರಮಾಡಿಕೊಂಡರು, ಖರ್ಚೂ ಕಡಿಮೆ ಬಂತು. 1756ರಲ್ಲಿ ಮತ್ತೆ ಹಡಗು ಹೋಯಿತು, 1757ರಲ್ಲೂ ಹೋಯಿತು.

ಚಿಯಾನ್‌ಲಾಂಗ್ ದೊರೆಗೆ ಇದು ಹಿಡಿಸಲಿಲ್ಲ. ಆದರೆ ತಕ್ಷಣ ಬರಬೇಡಿ ಅನ್ನಲಿಲ್ಲ. 1757ರ ಮೊದಲ ತಿಂಗಳುಗಳಲ್ಲಿ ಝೆಜಿಯಾಂಗ್‌ನ ಸುಂಕವನ್ನು ಗುವಾಂಗ್‌ಡಾಂಗ್‌ನದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು ಮಾಡಿಸಿದ. ತನ್ನ ಉದ್ದೇಶವನ್ನು ಅವನು ಮುಚ್ಚಿಡಲೂ ಇಲ್ಲ. ಖಜಾನೆ ತುಂಬಲಿ ಅಂತ ಅಲ್ಲ, ನಿಂಗ್ಬೋದಲ್ಲಿ ಲಾಭ ಗಿಟ್ಟದೆ ಅವರಾಗಿಯೇ ಗುವಾಂಗ್‌ಝೌಗೆ ಹಿಂತಿರುಗಲಿ ಅಂತ. ಅಂದರೆ ಯಾರೂ ಕಟ್ಟಬಾರದು ಅಂತಲೇ ಹಾಕಿದ ಸುಂಕ! ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಕಂಪನಿ ಜಗ್ಗಲಿಲ್ಲ. ದುಪ್ಪಟ್ಟಾದರೂ ಕೊಡುತ್ತೇವೆ ಅಂತ ಮತ್ತೆ ಬಂತು. ಆಗ ವರ್ಷದ ಕೊನೆಗೆ ನೇರ ಆಜ್ಞೆ ಹೊರಟಿತು: ಇನ್ನು ಗುವಾಂಗ್‌ಝೌ ಮಾತ್ರ. ದೊರೆ ಕೊಟ್ಟ ಕಾರಣಗಳಲ್ಲಿ ನನಗೆ ಗಟ್ಟಿ ಅನಿಸುವುದು ಕಾವಲಿನದು. ಗುವಾಂಗ್‌ಝೌಗೆ ಬರಬೇಕಾದರೆ ನದಿ ಬಾಯಲ್ಲಿರುವ ಹೂಮೆನ್ ಕೋಟೆಗಳ ನಡುವೆ ನುಸುಳಿ, ನದಿಯಲ್ಲಿ ಮೇಲೆ ಬರಬೇಕು. ದಾರಿಯುದ್ದಕ್ಕೂ ಸೈನಿಕರು. ನಿಂಗ್ಬೋ ಕಡೆ ಅಂಥ ಕಾವಲಿಲ್ಲ. ಅಲ್ಲಿ ಪೋರ್ಚುಗೀಸರು ನೆಲೆಯೂರಿದ್ದ ಮಕಾವ್‌ನಂಥ ಇನ್ನೊಂದು ಊರು ಹುಟ್ಟಿಕೊಂಡರೆ ಅನ್ನುವ ಭಯವೂ ಇತ್ತು. ಗುವಾಂಗ್‌ಡಾಂಗ್ ಜನರ ಹೊಟ್ಟೆಪಾಡಿನ ಮಾತೂ ಬಂತು.

ಲಂಚ? ಗುವಾಂಗ್‌ಝೌನಲ್ಲಿ ಅದಕ್ಕೇನೂ ಬರ ಇರಲಿಲ್ಲ. ನಿಂಗ್ಬೋ ವಿಷಯ ನೋಡಿ ವರದಿ ಕೊಟ್ಟ ಯಾಂಗ್ ಯಿಂಗ್‌ಜು ಅದಕ್ಕೂ ಮುಂಚೆ ಗುವಾಂಗ್‌ಡಾಂಗ್ ಆಳುತ್ತಿದ್ದವನೇ. ನಿಮ್ಮ ಅನುಮಾನಕ್ಕೆ ಅಷ್ಟು ಜಾಗ ಬಿಡೋಣ. ಆದರೆ ದೊರೆಗೆ ತನ್ನದೇ ಕಾರಣಗಳು ಬೇಕಾದಷ್ಟಿದ್ದವು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ, ಅಲ್ವಾ? ಕಂಪನಿಯ ಜೇಮ್ಸ್ ಫ್ಲಿಂಟ್‌ಗೂ ಹಾಗೇ ಅನಿಸಿರಬೇಕು. ಹುಡುಗನಾಗಿದ್ದಾಗಲೇ ಚೀನಾಕ್ಕೆ ಬಂದು ಅಲ್ಲಿನ ಭಾಷೆ ಕಲಿತವನು. 1759ರಲ್ಲಿ ಚಿಕ್ಕ ಹಡಗೊಂದರಲ್ಲಿ ರಾಜಧಾನಿ ಬೀಜಿಂಗ್ ಹತ್ತಿರದ ತಿಯಾಂಜಿನ್‌ವರೆಗೆ ಹೋಗಿ, ದೊರೆಗೇ ದೂರು ಮುಟ್ಟಿಸಿದ. ವಿಚಾರಣೆ ನಡೆದು ಹೊಪ್ಪೋ ಕೆಲಸ ಕಳೆದುಕೊಂಡ. ಫ್ಲಿಂಟ್‌ಗೂ ಬಿಡುಗಡೆ ಇರಲಿಲ್ಲ: ಅಪ್ಪಣೆ ಇಲ್ಲದೆ ಉತ್ತರಕ್ಕೆ ಹೋಗಿದ್ದಕ್ಕೆ ಮಕಾವ್‌ನಲ್ಲಿ ಮೂರು ವರ್ಷ ಸೆರೆ, ಆಮೇಲೆ ಗಡೀಪಾರು. ಅರ್ಜಿಗೆ ನೆರವಾದ ಲಿಯು ಯಾಬಿಯಾನ್ ಎಂಬ ಚೀನೀಯನ ತಲೆಯೇ ಹೋಯಿತು. ಈ ಇಡೀ ವ್ಯವಹಾರದಲ್ಲಿ ಅತಿ ದುಬಾರಿ ಸುಂಕ ಕಟ್ಟಿದವನು ಅವನೇ.

ನಮ್ಮ ಕಡೆಯದೊಂದು ಎಳೆಯೂ ಇದೆ. 1793ರಲ್ಲಿ ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ ನಿಂಗ್ಬೋ ತೆರೆಯಿರಿ ಅಂತ ಇದೇ ಚಿಯಾನ್‌ಲಾಂಗ್‌ನನ್ನು ಕೇಳಿದ. ಆಗಲ್ಲ ಅನ್ನಿಸಿಕೊಂಡು ಬಂದ. 1784ರಲ್ಲಿ ಟಿಪ್ಪುವಿನ ಜೊತೆ ಮಂಗಳೂರು ಒಪ್ಪಂದ ಆದಾಗ ಮದರಾಸಿನ ಗವರ್ನರ್ ಆಗಿದ್ದವನು ಇವನೇ. ಮಂಗಳೂರಿನಲ್ಲಿ ಮಾತುಕತೆಗೆ ಕೂತಿದ್ದ ಅವನ ಕಾರ್ಯದರ್ಶಿ ಸ್ಟಾಂಟನ್ ಚೀನಾದಲ್ಲೂ ಜೊತೆಗಿದ್ದ.

ಕೊನೆಗೆ ಬ್ರಿಟಿಷರ ಎದುರು ಚೀನಾ ಅಫೀಮು ಯುದ್ಧ ಸೋತ ಮೇಲೆ, 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಐದು ಬಂದರು ತೆರೆದವು. ಅದರಲ್ಲಿ ನಿಂಗ್ಬೋ ಒಂದು. ಐದಕ್ಕೂ ಒಂದೇ ಸುಂಕದ ಪಟ್ಟಿ. ಅಷ್ಟು ವರ್ಷ ಕಾದ ನಿಂಗ್ಬೋಗೆ ವ್ಯಾಪಾರ ಮಾತ್ರ ಬರಲಿಲ್ಲ. ಪಕ್ಕದ ಶಾಂಘೈ ಎಲ್ಲವನ್ನೂ ಎಳೆದುಕೊಂಡಿತು.